ಕಾಲಿಗೆ ಕುಂಕುಮ ಬೇಡ

ಹೈದರಾಬಾದಿನ ಕಾಚಿಗುಡದ ಓದುಗರೊಬ್ಬರು ಕೇಳಿದ್ದಾರೆ: “ಬೇಗಂಪೇಟೆಯ ಮೇಲೆ ಸುತ್ತುವ ತರಬೇತಿ ವಿಮಾನಗಳು ಚಕ್ರ ಇಳಿಬಿಟ್ಟುಕೊಂಡೇ ಹಾರುತ್ತವಲ್ಲ, ಮಡಚುವ ಯಂತ್ರ ಕೆಟ್ಟಿರುತ್ತದೆಯೇ?”

ಕೆಟ್ಟಿಲ್ಲ ಸ್ವಾಮಿ, ಆ ಯಂತ್ರವೇ ಅವುಗಳಲ್ಲಿಲ್ಲ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ದುಂಡಿಗಲ್‌ನ ವಾಯುಪಡೆ ಅಕಾಡೆಮಿಯ ಪಿಲಾಟಸ್ ವೇಗದ ವಿಮಾನ, ಅದು ಕಾಲು ಮಡಚಲೇಬೇಕು. ಗಂಟೆಗೆ 220 ಕಿ.ಮೀ. ಆಸುಪಾಸಿನಲ್ಲಿ ಹೋಗುವ ಸೆಸ್ನಾ 172ರಂಥ ತರಬೇತಿ ವಿಮಾನಕ್ಕೆ ಮಡಚುವ ಯಂತ್ರದ ತೂಕ, ಖರ್ಚು, ರಿಪೇರಿ ಯಾವುದೂ ಗಿಟ್ಟುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿ 1993ರಲ್ಲಿ ಮೊದಲು ಹಾರಿಸಿದ ‘ಹಂಸ’ದ ಕಾಲುಗಳೂ ಮಡಚುವುದಿಲ್ಲ.

ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಆ ಕಾಲಿನ ಬಳಿ ಒಮ್ಮೆ ಮಂಡಿಯೂರಿ ಕೂತು ನೋಡಿದವರಿಗೆ ಬೇಗ ಏಳಲು ಮನಸ್ಸಾಗುವುದಿಲ್ಲ. 2024ರ ಜನವರಿಯಲ್ಲಿ ಬೇಗಂಪೇಟೆಯ ವಿಂಗ್ಸ್ ಇಂಡಿಯಾ ಪ್ರದರ್ಶನಕ್ಕೆ ಬೋಯಿಂಗ್ 777-9 ಬಂದಿತ್ತು, ಜನವೆಲ್ಲ ಅದರ ಮುಂದೆ. ನನಗೆ ಮಾತ್ರ ಅಂಥ ಕಡೆ ಸಣ್ಣ ವಿಮಾನಗಳ ಹೊಟ್ಟೆಯ ಕೆಳಗೆ ಬಗ್ಗುವ ಚಾಳಿ.

ಸೆಸ್ನಾದ ಹಿಂದಿನ ಎರಡು ಕಾಲುಗಳು ಬರೀ ಸ್ಪ್ರಿಂಗ್ ಉಕ್ಕು. ಅಮೆರಿಕದ ರೇಸ್ ಪೈಲಟ್ ಸ್ಟೀವ್ ವಿಟ್‌ಮನ್ ಕಂಡುಹಿಡಿದದ್ದನ್ನು ಕಂಪನಿ 1940ರ ದಶಕದಲ್ಲಿ ತನ್ನದಾಗಿಸಿಕೊಂಡಿತು. ಎಣ್ಣೆಯಿಲ್ಲ, ಸೀಲಿಲ್ಲ. ಆದರೆ ಸ್ಪ್ರಿಂಗ್ ಪಡೆದ ಪೆಟ್ಟನ್ನು ವಾಪಸು ಕೊಡುತ್ತದೆ. ಹೊಸದಾಗಿ ಕಲಿಯುವವರ ವಿಮಾನ ರನ್‌ವೇ ಮೇಲೆ ಪುಟಿಯುವುದು ಅದಕ್ಕೇ. ಮೂಗಿನ ಚಕ್ರದ ಕಾಲು ಬೇರೆ ಜಾತಿ, ಅದರ ಹೆಸರು ಓಲಿಯೋ. ಪೈಪರ್ ಚೆರೊಕೀಯಂಥ ವಿಮಾನಗಳಲ್ಲಿ ಮೂರೂ ಕಾಲು ಓಲಿಯೋಗಳೇ.

ಓಲಿಯೋದಲ್ಲಿ ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗೆ ಎಣ್ಣೆ, ಅದರ ಮೇಲೆ ಒತ್ತಿ ತುಂಬಿದ ಗಾಳಿ ಅಥವಾ ಸಾರಜನಕ. ನಿಂತಾಗ ಭಾರ ಹೊರುವುದು ಅನಿಲ. ಇಳಿದಾಗ ಪೆಟ್ಟು ನುಂಗುವುದು ಎಣ್ಣೆ. ಅದು ಒಂದು ಕಿರಿದಾದ ರಂಧ್ರದಲ್ಲಿ ತೂರಿಹೋಗಬೇಕು. ಮೆಲ್ಲಗೆ ಒತ್ತಿದರೆ ಸುಮ್ಮನೆ ದಾರಿ ಬಿಡುತ್ತದೆ, ರಭಸದಿಂದ ಒತ್ತಿದರೆ ರಭಸದ ವರ್ಗದಷ್ಟು ಎದುರು ನಿಲ್ಲುತ್ತದೆ. ಹೀಗಾಗಿ ನೆಲದ ಮೇಲೆ ಮೆಲ್ಲಗೆ ಸಾಗುವಾಗ (ಟ್ಯಾಕ್ಸಿ) ಮೆತ್ತಗಿರುವ ಕಾಲು ಧಡಕ್ಕನೆ ಇಳಿದಾಗ ತಾನೇ ಗಡುಸಾಗುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ಸೆನ್ಸರೂ ಬೇಡ. ಪೆಟ್ಟಿನ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಕರಗುತ್ತದೆ. ಅಮೆರಿಕದ ನಿಯಮಾವಳಿ ಬಹುಕಾಲ ಹೇಳುತ್ತಿದ್ದ ಪರೀಕ್ಷೆಯಲ್ಲಿ ಸಣ್ಣ ವಿಮಾನದ ಕಾಲನ್ನು ರೆಕ್ಕೆಯ ಪ್ರತಿ ಚದರಡಿ ಹೊರುವ ತೂಕಕ್ಕೆ ತಕ್ಕಂತೆ ಸುಮಾರು 23ರಿಂದ 47 ಸೆಂ.ಮೀ. ಎತ್ತರದಿಂದ ದೊಪ್ಪನೆ ಬೀಳಿಸಿ ನೋಡುತ್ತಿದ್ದರು. ಇಷ್ಟೇನಾ ಎನ್ನಬೇಡಿ. ವಿಮಾನ ಕೆಳಗಿಳಿಯುವ ವೇಗದಲ್ಲಿ ಹೇಳಿದರೆ ಅದು ಸೆಕೆಂಡಿಗೆ 2ರಿಂದ 3 ಮೀಟರ್. ಪ್ರಯಾಣಿಕ ಹನುಮಂತನನ್ನು ನೆನೆಯಲು ಸಾಕು.

ಕಾಲಿನ ಆರೋಗ್ಯ ತಿಳಿಯಲು ಬರಿಗಣ್ಣೇ ಮೊದಲ ಉಪಕರಣ. ನಿಂತ ವಿಮಾನದ ಓಲಿಯೋದಲ್ಲಿ ಹೊಳೆಯುವ ಕ್ರೋಮ್ ದಂಡ ಎಷ್ಟು ಹೊರಗಿದೆ ಎಂದು ನೋಡುತ್ತಾರೆ: ಚೆರೊಕೀ ಬಳಗದ ವಿಮಾನಗಳಲ್ಲಿ ಹಿಂದೆ ಸುಮಾರು ನಾಲ್ಕೂವರೆ ಅಂಗುಲ, ಮೂಗಿನಲ್ಲಿ ಮೂರೂಕಾಲು. ಕಡಿಮೆ ಕಂಡರೆ ಅನಿಲವೋ ಎಣ್ಣೆಯೋ ಸೋರಿದೆ. ದಂಡಕ್ಕೆ ಅಂಟಿದ ಧೂಳು ಒಳಗೆ ಹೋಗಿ ಸೀಲನ್ನು ಗೀರುತ್ತದೆ, ಆದ್ದರಿಂದ ಎಣ್ಣೆಯಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಅದನ್ನು ಒರೆಸಬೇಕು.

ಇನ್ನು ಟೈರು. ಗಾಳಿ ಕಡಿಮೆಯಿರುವ ಸೈಕಲ್ ತುಳಿದರೆ ಟ್ಯೂಬು ಸರಿದು ವಾಲ್ವ್ ಓರೆಯಾಗುವುದನ್ನು ನೋಡಿದ್ದೀರಲ್ಲ? ಬ್ರೇಕ್ ಒತ್ತಿದಾಗ ವಿಮಾನದ ಟೈರೂ ರಿಮ್ಮಿನ ಮೇಲೆ ಹಾಗೇ ತೆವಳುತ್ತದೆ. ಹೆಚ್ಚಾದರೆ ವಾಲ್ವ್ ಕತ್ತರಿಸಿಹೋಗುತ್ತದೆ. ಅದಕ್ಕೆ ಟೈರಿನಿಂದ ರಿಮ್ಮಿಗೆ ಅಡ್ಡಲಾಗಿ ಬಣ್ಣದ ಗೆರೆ, ಸಾಮಾನ್ಯವಾಗಿ ಕೆಂಪು. ಗೆರೆಯ ಎರಡು ತುಂಡು ಹೊಂದದಿದ್ದರೆ ಹಾರಾಟ ನಿಲ್ಲಬೇಕು.

ಈ ಕಸುಬಿನಲ್ಲಿ ಕೆಂಪು ಬಣ್ಣದ್ದೇ ಕಾರುಬಾರು. ಓಲಿಯೋ ಮತ್ತು ಬ್ರೇಕಿನ ಎಣ್ಣೆಗೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಸೋರಿದರೆ ಕಾಣುತ್ತದೆ. ಚಕ್ರ ಬಿಚ್ಚಿ, ಬೇರಿಂಗ್ ತೊಳೆದು ಗ್ರೀಸ್ ತುಂಬುವ ದೊಡ್ಡ ತಪಾಸಣೆಯಲ್ಲಿ ಬಿರುಕಿನ ಅನುಮಾನ ಬಂದರೆ ಲೋಹಕ್ಕೆ ಕೆಂಪು ದ್ರವ ಬಳಿಯುತ್ತಾರೆ, ಒರೆಸುತ್ತಾರೆ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿನಲ್ಲಿ ಇಳಿದಿದ್ದ ದ್ರವ ಮೇಲೆದ್ದು, ಕಣ್ಣಿಗೆ ಕಾಣದ ಸೀಳು ಬಿಳಿಯ ಮೇಲೆ ಕೆಂಪು ಎಳೆಯಾಗಿ ಮೂಡುತ್ತದೆ.

ಇಷ್ಟೆಲ್ಲ ಇರುವಾಗ ಆಯುಧಪೂಜೆಯ ದಿನ ನಾವು ಮಾಡುವುದೇನು? ಅದೇ ಕಾಲಿಗೆ ಕುಂಕುಮ! ಒಂದು ಹ್ಯಾಂಗರಿನಲ್ಲಿ ಹಬ್ಬದ ಮರುದಿನ ನಾನೇ ಕಂಡದ್ದು: ಓಲಿಯೋದ ದಂಡದ ಮೇಲೆ ಅರಿಸಿನದ ಪುಡಿ, ಬ್ರೇಕ್ ಪಕ್ಕ ಕೆಂಪು ಕಲೆ. ಎಣ್ಣೆಯೋ ಕುಂಕುಮವೋ ತಿಳಿಯದೆ ಮೆಕ್ಯಾನಿಕ್ ಬೆರಳಲ್ಲಿ ಉಜ್ಜಿ ಮೂಸಿ ನೋಡುತ್ತಿದ್ದರು. ಚಕ್ರದಡಿಯ ನಿಂಬೆಹಣ್ಣಂತೂ ಫ್ರಾನ್ಸಿನವರೆಗೂ ಹೋಗಿಬಂದಿದೆ. 2019ರ ವಿಜಯದಶಮಿಯಂದು ಮೊದಲ ರಫೇಲ್ ಯುದ್ಧವಿಮಾನ ಪಡೆಯಲು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹೋದಾಗ ಅದರ ಚಕ್ರಗಳಡಿ ನಿಂಬೆಹಣ್ಣು ಇರಿಸಿದ್ದ ಚಿತ್ರವನ್ನು ದೇಶವೇ ನೋಡಿತು. ಜಜ್ಜಿದ ನಿಂಬೆಹಣ್ಣು ಯಾವ ಬಿರುಕನ್ನೂ ಮುಚ್ಚಿದ್ದಿಲ್ಲ, ಯಾವ ಟೈರಿಗೂ ಗಾಳಿ ತುಂಬಿದ್ದಿಲ್ಲ.

ಉಪಕರಣಕ್ಕೆ ಕೈಮುಗಿಯುವುದಕ್ಕೆ ನನ್ನ ತಕರಾರಿಲ್ಲ. ಸ್ಪ್ಯಾನರಿಗೆ ಗೌರವ ಕೊಡುವವನು ಅದನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ. ಆದರೆ ಕುಂಕುಮವನ್ನು ಟೂಲ್‌ಬಾಕ್ಸಿಗೆ ಇಡಿ, ಹ್ಯಾಂಗರಿನ ಬಾಗಿಲಿಗೆ ಇಡಿ. ವಿಮಾನದ ಕಾಲಿನ ಮೇಲೆ ಕೆಂಪು ಕಂಡರೆ ಅದು ಸೋರಿಕೆಯದ್ದೋ ಗೆರೆಯದ್ದೋ ಮಾತ್ರ ಆಗಿರಲಿ.