ಮರ್ಫಿಯ ನಿಯಮ

ಮರ್ಫಿಯ ನಿಯಮ ಎಂಬುದು "ಕೆಡುವ ಸಾಧ್ಯತೆ ಇರುವುದೆಲ್ಲ ಕೆಟ್ಟೇ ಕೆಡುತ್ತದೆ" ಎಂಬ ಅರ್ಥದ ಹಾಸ್ಯೋಕ್ತಿ. ಕೊಡೆ ಮರೆತ ದಿನವೇ ಮಳೆ ಬರುವುದು, ಓದದೆ ಬಿಟ್ಟ ಪಾಠದಿಂದಲೇ ಪ್ರಶ್ನೆ ಬರುವುದು, ನೆಂಟರು ಬಂದ ಹೊತ್ತಿಗೇ ಗ್ಯಾಸ್ ಸಿಲಿಂಡರ್ ಖಾಲಿಯಾಗುವುದು ಮುಂತಾದ ದಿನನಿತ್ಯದ ಎಡವಟ್ಟುಗಳನ್ನು ಕುರಿತು ಇದನ್ನು ಬಳಸುತ್ತಾರೆ. ನಿಯಮವೆಂದು ಕರೆದರೂ ಇದು ನ್ಯೂಟನ್ನನ ನಿಯಮಗಳಂತಹ ವಿಜ್ಞಾನದ ನಿಯಮವಲ್ಲ. ಆದರೆ ಇದು ಹುಟ್ಟಿದ್ದು ಪ್ರಾಣಾಪಾಯವಿದ್ದ ಪ್ರಯೋಗವೊಂದರ ನಡುವೆ.

ಹುಟ್ಟು

ಎಡ್ವರ್ಡ್ ಎ. ಮರ್ಫಿ (1918–1990) ಅಮೆರಿಕದ ವಾಯುಪಡೆಯ ಎಂಜಿನಿಯರ್. 1949ರಲ್ಲಿ ಕ್ಯಾಲಿಫೋರ್ನಿಯಾದ ಮ್ಯೂರಾಕ್ ವಾಯುನೆಲೆಯಲ್ಲಿ, ವೇಗವು ಥಟ್ಟನೆ ತಗ್ಗಿದಾಗ ಮನುಷ್ಯನ ದೇಹ ಎಷ್ಟು ಆಘಾತವನ್ನು ತಾಳಬಲ್ಲದು ಎಂಬುದರ ಪ್ರಯೋಗಗಳು ನಡೆಯುತ್ತಿದ್ದವು. ಹಳಿಗಳ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ವೈದ್ಯ ಹಾಗೂ ಸೇನಾಧಿಕಾರಿ ಜಾನ್ ಪಾಲ್ ಸ್ಟ್ಯಾಪ್ ತಾವೇ ಕುಳಿತು ಪರೀಕ್ಷೆಗೆ ಒಳಗಾಗುತ್ತಿದ್ದರು. ಆಘಾತವನ್ನು ಅಳೆಯಲು ಮರ್ಫಿ ತಂದ ಸಾಧನಗಳು ಒಂದು ಓಟದಲ್ಲಿ ಏನನ್ನೂ ದಾಖಲಿಸಲಿಲ್ಲ. ಅವುಗಳನ್ನು ಎರಡು ರೀತಿಯಲ್ಲಿ ಜೋಡಿಸಲು ಸಾಧ್ಯವಿತ್ತು. ತಪ್ಪಾದ ರೀತಿಯಲ್ಲೇ ಜೋಡಿಸಲಾಗಿತ್ತು. ಆಗ ಬೇಸರದಿಂದ ಮರ್ಫಿ ಆಡಿದ ಮಾತಿಗೆ ಜೊತೆಗಾರರು ಅವರ ಹೆಸರನ್ನೇ ಇಟ್ಟರು. ಮಾತಿನ ನಿಖರ ರೂಪದ ಬಗ್ಗೆ ಅಂದು ಅಲ್ಲಿದ್ದವರಲ್ಲೇ ಒಮ್ಮತವಿಲ್ಲ. ಮುಂದೆ ಸ್ಟ್ಯಾಪ್ ಪತ್ರಕರ್ತರೆದುರು ಇದನ್ನು ಉಲ್ಲೇಖಿಸಿದಾಗ ಮಾತು ಹೊರಜಗತ್ತಿಗೆ ಹರಡಿತು.

ಕನ್ನಡದ ಗಾದೆಗಳು

ಈ ಅನುಭವ ಕನ್ನಡಿಗರಿಗೆ ಹೊಸದಲ್ಲ. "ದುರ್ಭಿಕ್ಷದಲ್ಲಿ ಅಧಿಕ ಮಾಸ" ಎಂಬ ಗಾದೆಯಲ್ಲಿ, ಬರಗಾಲದ ವರ್ಷಕ್ಕೇ ಪಂಚಾಂಗದ ಹದಿಮೂರನೆಯ ತಿಂಗಳೂ ಬಂದು ಸೇರುತ್ತದೆ. "ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು" ಎಂಬುದು ಇನ್ನೊಂದು. ಭರ್ತೃಹರಿಯ ನೀತಿಶತಕದಲ್ಲಿ ಬಿಸಿಲಿಗೆ ಬೆಂದ ಬೋಳುತಲೆಯವನೊಬ್ಬ ಮರದ ನೆರಳಿಗೆ ಬಂದರೆ, ಅಲ್ಲಿಯೂ ಹಣ್ಣು ಬಿದ್ದು ಅವನ ತಲೆ ಒಡೆಯುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಇವೆಲ್ಲ ಕೇಡಿನ ಹೊಣೆಯನ್ನು ವ್ಯಕ್ತಿಯ ಪಾಪದ ಮೇಲೋ ಹಣೆಬರಹದ ಮೇಲೋ ಹೊರಿಸುತ್ತವೆ. ಮರ್ಫಿಯ ಮಾತು ಬೊಟ್ಟುಮಾಡುವುದು ತಪ್ಪಿಗೆ ಎಡೆಗೊಡುವ ಜೋಡಣೆಯ ಕಡೆಗೆ.

ಹೀಗೇಕೆ ಅನಿಸುತ್ತದೆ?

ಬಹುಪಾಲು ಕಾರಣ ನೆನಪಿನದು. ಓದಿದ ಪಾಠದಿಂದ ಬಂದ ಪ್ರಶ್ನೆಯನ್ನು ವಿದ್ಯಾರ್ಥಿ ಬರೆದು ಮರೆಯುತ್ತಾನೆ. ಓದದ ಪಾಠದ ಪ್ರಶ್ನೆಯನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಆದರೆ ಎಲ್ಲವೂ ಭ್ರಮೆಯಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಹೋಗಲು ನಿಂತವರಿಗೆ "ನಾವು ಬಂದಾಗಲೇ ಬಸ್ಸು ತಡ" ಎನಿಸುವುದರಲ್ಲಿ ಗಣಿತದ ಸತ್ಯವಿದೆ. ಬಸ್ಸುಗಳು ಸರಾಸರಿ 10 ನಿಮಿಷಕ್ಕೊಂದರಂತೆ ಇದ್ದು, ನಡುವಿನ ಅಂತರ ಒಮ್ಮೆ 5, ಮತ್ತೊಮ್ಮೆ 15 ನಿಮಿಷವಾದರೆ, ಪ್ರತಿ 20 ನಿಮಿಷಗಳಲ್ಲಿ 15 ನಿಮಿಷ ದೀರ್ಘ ಅಂತರಕ್ಕೇ ಸೇರುತ್ತವೆ. ಯಾವುದೋ ಹೊತ್ತಿಗೆ ನಿಲ್ದಾಣಕ್ಕೆ ಬರುವ ನಾಲ್ವರಲ್ಲಿ ಮೂವರು ಆ ಅಂತರದಲ್ಲಿಯೇ ಸಿಕ್ಕಿಬೀಳುತ್ತಾರೆ.

ಮೇಜಿನಿಂದ ಜಾರಿದ ಬ್ರೆಡ್ಡು ಬೆಣ್ಣೆಯ ಕಡೆಯೇ ಮಗುಚಿ ಬೀಳುತ್ತದೆ ಎಂಬುದು ಈ ನಿಯಮದ ಪ್ರಸಿದ್ಧ ಉದಾಹರಣೆ. ಇಂಗ್ಲೆಂಡಿನ ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಇದಕ್ಕೆ ಭೌತಶಾಸ್ತ್ರದ ವಿವರಣೆ ಕೊಟ್ಟರು. ಸಾಮಾನ್ಯ ಮೇಜಿನ ಎತ್ತರದಿಂದ ಬೀಳುವ ಬ್ರೆಡ್ಡಿಗೆ ಅರ್ಧ ಸುತ್ತು ತಿರುಗುವಷ್ಟು ಮಾತ್ರ ಸಮಯ ಸಿಗುತ್ತದೆ, ಪೂರ್ತಿ ಸುತ್ತಿಗೆ ಸಾಲದು. ದಾವಣಗೆರೆಯ ಬೆಣ್ಣೆ ದೋಸೆಗೆ ಈ ಲೆಕ್ಕ ನೇರವಾಗಿ ಒಪ್ಪುವುದಿಲ್ಲ. ದೋಸೆ ಬ್ರೆಡ್ಡಿನಂತೆ ಬಿಗಿಯಾದ ಹೋಳಲ್ಲ, ಬೀಳುವಾಗಲೇ ಬಾಗುತ್ತದೆ.

ಸುರಕ್ಷತೆಯಲ್ಲಿ ಬಳಕೆ

ತಪ್ಪು ನಡೆಯುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅದಕ್ಕೆ ಅವಕಾಶವೇ ಇಲ್ಲದಂತೆ ವಸ್ತುವನ್ನು ರೂಪಿಸುವುದು ಎಂಜಿನಿಯರುಗಳು ಈ ನಿಯಮದಿಂದ ಪಡೆದ ಪಾಠ. ಮೊಬೈಲಿನ ಸಿಮ್ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸಿರುವುದು ಇದಕ್ಕಾಗಿಯೇ. ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಕಾರ್ಖಾನೆಗಳಿಗಾಗಿ ಇಂತಹ ಉಪಾಯಗಳನ್ನು ರೂಪಿಸಿದರು. ಅವುಗಳ ಮೊದಲ ಹೆಸರಿನಲ್ಲಿ ಮೂರ್ಖ ಎಂಬ ಅರ್ಥದ ಪದವಿತ್ತು. ಅದು ಕೆಲಸಗಾರರಿಗೆ ನೋವುಂಟುಮಾಡುತ್ತದೆಂದು, ಕೈತಪ್ಪನ್ನು ತಡೆಯುವುದು ಎಂಬ ಅರ್ಥದ "ಪೋಕಾ ಯೋಕೆ" ಎಂದು ಬದಲಿಸಿದರು.

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗವು ದಾವಣಗೆರೆ ಮತ್ತು ಹರಿಹರಗಳ ಮೂಲಕ ಹಾದುಹೋಗುತ್ತದೆ. ಅವಸರವಿದ್ದ ದಿನವೇ ಗೇಟು ಬೀಳುತ್ತದೆ ಎಂಬುದು ಇಂತಹ ಊರುಗಳ ಸಾಮಾನ್ಯ ದೂರು. ಸಿಗ್ನಲ್ಲಿನೊಂದಿಗೆ ಬೆಸೆದಿರುವ ಗೇಟುಗಳಲ್ಲಿ, ಗೇಟು ಮುಚ್ಚಿ ಭದ್ರವಾಗುವವರೆಗೆ ರೈಲಿಗೆ ಮುಂದೆ ಸಾಗುವ ಸಿಗ್ನಲ್ ಬೀಳುವುದೇ ಇಲ್ಲ. ಸಿಬ್ಬಂದಿ ಮರೆತರೂ ರೈಲು ದೂರದಲ್ಲೇ ನಿಲ್ಲಬೇಕಾಗುತ್ತದೆ. ರೈಲು ಕಾಣುವ ಎಷ್ಟೋ ಮುಂಚೆಯೇ ಗೇಟು ಮುಚ್ಚುವುದು ಈ ಕಾರಣದಿಂದ.

ಹರಿಹರವು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಊರು. ಲೇತ್ ಕಲಿಯುವವರಿಗೆ ಮೊದಲು ಹೇಳುವ ಎಚ್ಚರಿಕೆಗಳಲ್ಲೊಂದು, ಚಕ್ಕಿನಲ್ಲಿ ಕೀಲಿಯನ್ನು ಬಿಟ್ಟು ಯಂತ್ರವನ್ನು ಓಡಿಸಬಾರದು ಎಂಬುದು. ಮರೆತರೆ ಚಕ್ಕು ತಿರುಗಿದೊಡನೆ ಕೀಲಿ ಸಿಡಿದು ಎದುರಿಗಿದ್ದವರಿಗೆ ಬಡಿಯಬಹುದು. ಎಚ್ಚರಿಕೆಯ ಫಲಕವನ್ನು ದಿನವೂ ನೋಡುವವರು ಕೂಡ ಒಂದು ದಿನ ಮರೆಯುತ್ತಾರೆ. ಅದಕ್ಕಾಗಿ ಸ್ಪ್ರಿಂಗ್ ಅಳವಡಿಸಿದ ಕೀಲಿಗಳು ಬಂದಿವೆ. ಕೈ ಬಿಟ್ಟೊಡನೆ ಸ್ಪ್ರಿಂಗು ಕೀಲಿಯನ್ನು ಚಕ್ಕಿನಿಂದ ಹೊರಕ್ಕೆ ತಳ್ಳುತ್ತದೆ.