ಬೆನ್ 10ಗೆ ಒಂದು ವಿದಾಯ

ಈಗ ಪಿಯುಸಿ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ಒಮ್ಮೆಯಾದರೂ ಕೈಗೆ ಪ್ಲಾಸ್ಟಿಕ್ ವಾಚು ಕಟ್ಟಿಕೊಂಡು, ಅದರ ಮೇಲೆ ಪಟ್ ಎಂದು ಹೊಡೆದು, ಏಲಿಯನ್ ಆದೆವೆಂದು ಓಡಿದವರೇ. ಆ ವಾಚಿನ ಹೆಸರು ಓಮ್ನಿಟ್ರಿಕ್ಸ್. 'ಬೆನ್ 10' ಹೇಗೆ ಶುರುವಾಯಿತು, ಏಕೆ ನಿಂತಿತು ಎಂದು ಒಬ್ಬ ಅಭಿಮಾನಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಚಾನೆಲ್‌ನಲ್ಲಿ 2005ರ ಡಿಸೆಂಬರ್‌ನಲ್ಲಿ ಇದು ಆರಂಭವಾಯಿತು. 'ಮ್ಯಾನ್ ಆಫ್ ಆಕ್ಷನ್' ಎಂಬ ನಾಲ್ವರು ಲೇಖಕರ ತಂಡ ಇದನ್ನು ಸೃಷ್ಟಿಸಿತು. ಹತ್ತು ವರ್ಷದ ಬೆನ್, ಅವನ ಚಿಕ್ಕಪ್ಪನ ಮಗಳು ಗ್ವೆನ್, ತಾತ ಮ್ಯಾಕ್ಸ್, ಮೂವರೂ ಬೇಸಿಗೆ ರಜೆಯಲ್ಲಿ ಹಳೆಯ ವ್ಯಾನಿನಲ್ಲಿ ಊರೂರು ಸುತ್ತುತ್ತಾರೆ. ಆಕಾಶದಿಂದ ಬಿದ್ದ ವಾಚು ಬೆನ್ ಕೈಗೆ ಅಂಟಿಕೊಳ್ಳುತ್ತದೆ. ಅದರಲ್ಲಿ ಬೇರೆ ಬೇರೆ ಗ್ರಹಗಳ ಜೀವಿಗಳ ಡಿಎನ್ಎ ಇರುತ್ತದೆ. ಮೊದಲು ಸಿಕ್ಕ ರೂಪಗಳು ಹತ್ತು. ಬೆಂಕಿಯ ಹೀಟ್‌ಬ್ಲಾಸ್ಟ್, ನಾಲ್ಕು ಕೈಗಳ ಫೋರ್ ಆರ್ಮ್ಸ್, ಅಂಗೈಯಷ್ಟೇ ಇದ್ದರೂ ಮಹಾ ಬುದ್ಧಿವಂತನಾದ ಗ್ರೇ ಮ್ಯಾಟರ್ ಅವುಗಳಲ್ಲಿ ಕೆಲವು.

ಇದು ನಿಜವಾಗಿ ಸಾಧ್ಯವೇ? ಡಿಎನ್ಎ ಎಂಬುದು ದೇಹ ಕಟ್ಟುವ ಸೂಚನೆ ಮಾತ್ರ. ಸೂಚನೆ ಬದಲಾದ ಕೂಡಲೇ ಕಟ್ಟಿದ ದೇಹ ಕ್ಷಣದಲ್ಲಿ ಬದಲಾಗುವುದಿಲ್ಲ. ಬೆನ್ ಗ್ರೇ ಮ್ಯಾಟರ್ ಆದಾಗ ಉಳಿದ ತೂಕ ಎಲ್ಲಿ ಹೋಯಿತು? ಫೋರ್ ಆರ್ಮ್ಸ್ ಆದಾಗ ಎಲ್ಲಿಂದ ಬಂತು? ಕಾಮರ್ಸ್ ಭಾಷೆಯಲ್ಲಿ ಹೇಳಿದರೆ ಡೆಬಿಟ್ ಕ್ರೆಡಿಟ್ ತಾಳೆಯಾಗುವುದಿಲ್ಲ. ಆದರೂ ಈ ಪ್ರಶ್ನೆಗಳನ್ನು ನಮ್ಮ ತಲೆಗೆ ಹಾಕಿದ್ದು ಅದೇ ಕಾರ್ಟೂನ್.

ಬೆನ್ ನಮ್ಮಂತೆಯೇ ಬೆಳೆದ. 2008ರ 'ಏಲಿಯನ್ ಫೋರ್ಸ್'ನಲ್ಲಿ ಅವನಿಗೆ 15 ವರ್ಷ. 2010ರ 'ಅಲ್ಟಿಮೇಟ್ ಏಲಿಯನ್'ನಲ್ಲಿ 16. ಮೊದಲು ಶತ್ರುವಾಗಿದ್ದ ಕೆವಿನ್ ಆ ಹೊತ್ತಿಗೆ ಸ್ನೇಹಿತನಾಗಿದ್ದ. 2012ರಲ್ಲಿ ಬಂದ 'ಓಮ್ನಿವರ್ಸ್' 2014ರ ನವೆಂಬರ್‌ನಲ್ಲಿ ಮುಗಿಯಿತು. ಹಳೆಯ ಕಥೆ ಅಲ್ಲಿಗೇ ನಿಂತಿತು. 2016ರಲ್ಲಿ ಬೆನ್ ಮತ್ತೆ ಹತ್ತು ವರ್ಷದವನಾಗಿ ಹೊಸದಾಗಿ ಬಂದ. ಅದೂ 2021ಕ್ಕೆ ಮುಗಿಯಿತು.

ಬೆಳೆದ ಹುಡುಗನನ್ನು ಮತ್ತೆ ಚಿಕ್ಕವನಾಗಿ ಮಾಡಿದ್ದೇಕೆ? ನನಗೆ ತೋರುವ ಕಾರಣ ವ್ಯಾಪಾರ. ಇಂಥ ಕಾರ್ಟೂನಿಗೆ ಜಾಹೀರಾತಿನಿಂದಷ್ಟೇ ಅಲ್ಲ, ಆಟಿಕೆಯಿಂದಲೂ ಹಣ ಬರುತ್ತದೆ. ಬಂಡಾಯ್‌ನಂಥ ಆಟಿಕೆ ಕಂಪನಿ ಲೈಸೆನ್ಸ್ ಪಡೆದು ವಾಚು, ಗೊಂಬೆ ತಯಾರಿಸುತ್ತದೆ, ಮಾರಾಟದಲ್ಲಿ ಒಂದು ಪಾಲನ್ನು ರಾಯಲ್ಟಿಯಾಗಿ ಕೊಡುತ್ತದೆ. ಆದರೆ ಆಟಿಕೆ ಕೊಳ್ಳುವ ವಯಸ್ಸು ಚಿಕ್ಕದು. ಬೆನ್ ಜೊತೆ ಬೆಳೆದ ನಾವು ವಾಚು ಕೊಳ್ಳುವುದನ್ನು ಬಿಟ್ಟೆವು. ಹೊಸ ಗಿರಾಕಿಗೆ ಮತ್ತೆ ಹತ್ತು ವರ್ಷದ ಬೆನ್ ಬೇಕಾದ.

ನನ್ನ ವಾಚಿನಿಂದ ಅವರಿಗೆ ಒಂದು ಪೈಸೆ ರಾಯಲ್ಟಿಯೂ ಹೋಗಿರಲಾರದು. ಈದಿಯ ದುಡ್ಡು ಕೂಡಿಟ್ಟು ಜಾತ್ರೆ ಅಂಗಡಿಯಲ್ಲಿ ಕೊಂಡ ನಕಲಿ ಮಾಲು ಅದು. ಅದರ ಮೇಲೆ ಬೆನ್ ಹೆಸರಿನ ಸ್ಪೆಲಿಂಗೇ ತಪ್ಪಿತ್ತು!

ನಾವು ನೋಡುತ್ತಿದ್ದುದು ಹಿಂದಿಯಲ್ಲಿ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಅದು ಸುಲಭವಾಗಿತ್ತು. ಪಕ್ಕದ ಮನೆಯ ಗೆಳೆಯನಿಗೆ ನಾನೇ ಅರ್ಥ ಹೇಳುತ್ತಿದ್ದೆ. ಆಮೇಲೆ ಬೀದಿಯಲ್ಲಿ ಅದೇ ಆಟವನ್ನು ಕನ್ನಡದಲ್ಲಿ ಆಡುತ್ತಿದ್ದೆವು. ಶಾಲೆಗಿಂತ ಮೊದಲು ನಾನು ಕನ್ನಡ ಕಲಿತದ್ದು ಹಾಗೆ.

ನನ್ನ ನಾನಾ ಕೂಡ ಜೊತೆಗೆ ಕೂತು ನೋಡುತ್ತಿದ್ದರು. ಪಾವಗಡದಿಂದ ಸಿರಾಕ್ಕೆ ಕಡಲೆಕಾಯಿ ಮೂಟೆ ಸಾಗಿಸಿದ ಲಾರಿ ಡ್ರೈವರ್ ಅವರು. ಏಲಿಯನ್‌ಗಳು ಅವರಿಗೆ ಬೇಕಿರಲಿಲ್ಲ. ಮ್ಯಾಕ್ಸ್ ತಾತನ ವ್ಯಾನ್ ಕೆಟ್ಟು ನಿಂತರೆ ಮಾತ್ರ, "ಇಂಜಿನ್ ಕಾದಿದೆ ಬೇಟಾ, ನೀರು ಹಾಕಬೇಕು" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಈ ವರ್ಷ ನನ್ನ ಪರೀಕ್ಷೆಗೆಂದು ಅಮ್ಮಿ ಡಿಶ್ ರೀಚಾರ್ಜ್ ಮಾಡಿಸುವುದನ್ನೂ ನಿಲ್ಲಿಸಿದರು.

ಹೋದ ತಿಂಗಳು ಆ ವಾಚನ್ನು ಮಾಮುವಿನ ಮಗನಿಗೆ ಕೊಟ್ಟೆ. ಅವನಿಗೆ ಬೆನ್ ಯಾರೆಂದೇ ಗೊತ್ತಿಲ್ಲ. "ಇದರಲ್ಲಿ ಟೈಮ್ ಯಾಕೆ ಕಾಣಲ್ಲ ಭಾಯ್?" ಎಂದು ಕೇಳಿದ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ವ್ಯಾನಿನಿಂದಲೇ ಕಥೆ ಶುರು ಮಾಡಿದೆ.