ಹಳೇ ಯೆಜ್ಡಿಗೆ ಮತ್ತೆ ಉಸಿರು

ಶೆಡ್ಡಿನ ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷ ನಿಂತಿದ್ದ ಯೆಜ್ಡಿ ಬೈಕನ್ನು ಹೊರಗೆಳೆದವರು ಧೂಳು ಒರೆಸುವ ಮೊದಲೇ ಒಂದು ಕಿಕ್ ಹೊಡೆದು ನೋಡುತ್ತಾರೆ. ದಯವಿಟ್ಟು ಹೊಡೆಯಬೇಡಿ. ನಿಂತಲ್ಲೇ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಬೋರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಬಲವಾಗಿ ತುಳಿದರೆ ರಿಂಗ್ ಮುರಿಯುತ್ತದೆ, ಮುರಿದ ಚೂರು ಬೋರನ್ನು ಗೀರುತ್ತದೆ. ಪ್ಲಗ್ ಬಿಚ್ಚಿ, ಆ ತೂತಿನಿಂದ ನಾಲ್ಕೈದು ಚಮಚ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹುಯ್ದು, ಎರಡು ಮೂರು ದಿನ ಬಿಡಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಜರುಗಿದರೂ ಸಾಕು, ಉಳಿದದ್ದು ನಾಳೆ ಜರುಗುತ್ತದೆ.

ಮೊದಲ ಸಲ ಎಂಜಿನ್ ಬಿಚ್ಚುವವರಿಗೆ ಯೆಜ್ಡಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಜಾವಾ ತಯಾರಾಗಲು ಶುರುವಾಯಿತು. 1973ರಲ್ಲಿ ಅದೇ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಇದರ ಬಿಡಿಭಾಗಗಳು ಈಗಲೂ ಸಿಗುತ್ತವೆ, ಇದರ ಸದ್ದಿನಿಂದಲೇ ಕಾಯಿಲೆ ಹೇಳಬಲ್ಲ ಹಳೇ ಮಿಸ್ತ್ರಿಗಳು ಮೈಸೂರು, ಬೆಂಗಳೂರಿನ ಗಲ್ಲಿಗಳಲ್ಲಿ ಈಗಲೂ ಇದ್ದಾರೆ. ಎಂಜಿನ್ನಿನ ರಚನೆಯೂ ಸರಳ. ಬೋರಿನ ಅಗಲ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ., ಒಟ್ಟು ಸುಮಾರು 249 ಸಿಸಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಈ ಮೂರೇ ಸೇರಿ ಶಕ್ತಿ ಹುಟ್ಟಿಸುತ್ತವೆ.

ಆದರೆ ಈ ಸರಳತೆಗೆ ಒಂದು ಷರತ್ತಿದೆ, ಅದನ್ನು ಅರಿಯದೆ ಸ್ಪ್ಯಾನರ್ ಹಿಡಿಯಬಾರದು. ಟೂ ಸ್ಟ್ರೋಕ್ ಎಂಜಿನ್ ಕಮ್ಮಾರನ ತಿದಿಯಂತೆ ಉಸಿರಾಡುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಜಾಗ ಹಿಗ್ಗಿ, ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲ್ ಬೆರೆತ ಆವಿ ಒಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಆವಿ ಕೆಳಗೆ ಒತ್ತಿಸಿಕೊಂಡು, ಬೋರಿನ ಪಕ್ಕದ ದಾರಿಗಳಿಂದ ಪಿಸ್ಟನ್ನಿನ ತಲೆಯ ಮೇಲಕ್ಕೆ ಹಾರುತ್ತದೆ. ಅಂದರೆ ಪಿಸ್ಟನ್ನಿನ ಮೇಲಿನ ಜಾಗದಷ್ಟೇ ಅದರ ಕೆಳಗಿನ ಕೋಣೆಯೂ ಗಾಳಿ ಬಿಗಿಯಾಗಿರಬೇಕು. ತಿದಿಗೆ ತೂತು ಬಿದ್ದರೆ ಕೆಂಡ ಏಳುವುದಿಲ್ಲ.

ನಾನು ಮೊದಲು ಕಟ್ಟಿದ ಯೆಜ್ಡಿ ರೋಡ್‌ಕಿಂಗ್‌ನಲ್ಲಿ ಹೊಸ ಪಿಸ್ಟನ್ ಹಾಕಿಸಿದೆ, ಬೋರ್ ಕೊರೆಸಿದೆ, ಹೆಡ್ಡನ್ನು ಕನ್ನಡಿಯಂತೆ ಉಜ್ಜಿದೆ. ಕ್ರ್ಯಾಂಕಿನ ಆಯಿಲ್ ಸೀಲುಗಳು ನೋಡಲು ಚೆನ್ನಾಗಿಯೇ ಇದ್ದವು, ಹಾಗೇ ಬಿಟ್ಟೆ. ಮಂಡ್ಯ ದಾಟಿದ ಮೇಲೆ ಎಂಜಿನ್ ತಾನಾಗಿಯೇ ಜೋರಾಗಿ ಓಡತೊಡಗಿತು, ಆಕ್ಸಿಲರೇಟರ್ ಬಿಟ್ಟರೂ ಇಳಿಯಲಿಲ್ಲ, ಎರಡು ನಿಮಿಷದಲ್ಲಿ ಜಾಮ್ ಆಗಿ ಹಿಂದಿನ ಚಕ್ರ ಎಳೆದುಕೊಂಡು ನಿಂತಿತು. ಬಲಗಡೆಯ ಸೀಲಿನ ರಬ್ಬರ್ ವರ್ಷಗಳಿಂದ ಒಣಗಿ ಕಲ್ಲಾಗಿತ್ತು. ಅದರ ಸಂದಿನಿಂದ ಬರೀ ಗಾಳಿ ಒಳಗೆ ನುಗ್ಗಿ, ಪೆಟ್ರೋಲ್ ಮತ್ತು ಅದರಲ್ಲಿ ಬೆರೆತ ಆಯಿಲ್ ಎರಡೂ ಸಾಲದೆ, ಹೊಸ ಪಿಸ್ಟನ್ ಬಿಸಿಗೆ ಉಬ್ಬಿ ಬೋರಿಗೆ ಕಚ್ಚಿಕೊಂಡಿತ್ತು. ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು: ಮೊದಲು ಸೀಲು, ಆಮೇಲೆ ಉಳಿದದ್ದು.

ಯಾವ ಸೀಲ್ ಹೋಗಿದೆ ಎಂಬುದನ್ನು ಗಾಡಿ ಓಡುವ ಸ್ಥಿತಿಯಲ್ಲಿದ್ದರೆ ಬಿಚ್ಚುವ ಮೊದಲೇ ಹೇಳಬಹುದು. ಬಲಗಡೆ ಡೈನಮೋ ಇದೆ, ಅಲ್ಲಿ ಸೀಲ್ ಸೋತರೆ ಹೊರಗಾಳಿ ಬರುತ್ತದೆ: ಐಡ್ಲಿಂಗ್ ಏರುಪೇರಾಗುತ್ತದೆ, ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಾಗುತ್ತದೆ. ಎಡಗಡೆ ಕ್ಲಚ್ಚೂ ಪ್ರೈಮರಿ ಚೈನೂ ಗೇರ್ ಆಯಿಲ್‌ನಲ್ಲಿ ಮುಳುಗಿರುತ್ತವೆ, ಅಲ್ಲಿ ಸೀಲ್ ಸೋತರೆ ಎಂಜಿನ್ ಆ ಆಯಿಲನ್ನೇ ಹೀರಿ ಸುಡುತ್ತದೆ: ಬಿಸಿಯಾದ ಮೇಲೂ ದಟ್ಟ ಹೊಗೆ ನಿಲ್ಲುವುದಿಲ್ಲ, ಹೊರಗೆ ಎಲ್ಲೂ ಸೋರದಿದ್ದರೂ ಗೇರ್ ಆಯಿಲ್ ಕಡಿಮೆಯಾಗುತ್ತಲೇ ಇರುತ್ತದೆ.

ಬಿಚ್ಚುವಾಗ ತಾಳ್ಮೆಯಿದ್ದರೆ ಸಾಕು. ಮೊದಲು ಮಣ್ಣು, ಜಿಡ್ಡನ್ನು ಡೀಸೆಲ್ ಬ್ರಷ್ ಹಾಕಿ ತೊಳೆಯಿರಿ. ಪೆಟ್ರೋಲ್ ಬಳಸಬೇಡಿ, ಮುಂದೆ ಎಂಜಿನ್ ಕೇಸ್ ಬಿಸಿ ಮಾಡಲು ಸ್ಟೌ ಹಚ್ಚುವ ಕೆಲಸವಿದೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ, ಬೋಲ್ಟುಗಳನ್ನು ಮೊಟ್ಟೆ ಟ್ರೇಯ ಗುಳಿಗಳಲ್ಲಿ ಬಿಚ್ಚಿದ ಕ್ರಮದಲ್ಲೇ ಇಡಿ. ಹೆಡ್ಡಿನ ನಟ್ಟುಗಳನ್ನು ಎದುರು ಬದುರಾಗಿ, ಒಂದೊಂದು ಸುತ್ತಿನಂತೆ ಸಡಿಲಿಸಿ. ಬೋರ್ ಎತ್ತುವಾಗ ಕೆಳಗಿನ ಬಾಯಿಗೆ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಚಿಮ್ಮಿ ಒಳಗೆ ಬಿದ್ದರೆ, ಅದೊಂದು ತಂತಿಗಾಗಿ ಇಡೀ ಎಂಜಿನ್ ಬಿಚ್ಚಬೇಕಾದೀತು.

ಇನ್ನು ಅಳತೆ. ರಿಂಗ್ ಒಂದನ್ನೇ ಬೋರಿನೊಳಗಿಟ್ಟು ಪಿಸ್ಟನ್ ತಲೆಯಿಂದ ಸಮವಾಗಿ ಒಂದಿಂಚು ಒಳಗೆ ನೂಕಿ, ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿ. ಈ ಅಗಲದ ಬೋರಿಗೆ ಹೊಸ ರಿಂಗಿನ ಸಂದು ಕಾಲು ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅದರ ಮೂರು ಪಟ್ಟು ಕಂಡರೆ ರಿಂಗೋ ಬೋರೋ ಸವೆದಿದೆ. ಬೋರಿನಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಯೋಚನೆಯೇ ಬೇಡ, ಕೊರೆಸಿ. ಕೊರೆಸುವುದಾದರೆ ಪಿಸ್ಟನ್ ಮೊದಲು ಕೊಳ್ಳಿ. ಓವರ್‌ಸೈಜ್ ಪಿಸ್ಟನ್ನುಗಳು 0.25, 0.50 ಮಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ. ಅದನ್ನು ಲೇತ್ ಶಾಪಿಗೆ ಒಯ್ದು ಆ ಪಿಸ್ಟನ್ನಿಗೆ ತಕ್ಕಂತೆ ಬೋರ್ ಮಾಡಿಸಬೇಕು. ಬಿಡಬೇಕಾದ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಪಿಸ್ಟನ್ನಿನ ಜೊತೆ ಬಂದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ಕೊರೆದ ಮೇಲೆ ಪೋರ್ಟುಗಳ ಅಂಚಿನ ಚೂಪು ತೆಗೆಸುವುದನ್ನು ಕೇಳಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಆ ಚೂಪು ಅಂಚು ಹೊಸ ರಿಂಗನ್ನು ಚಾಕುವಿನಂತೆ ಕೆರೆಯುತ್ತದೆ.

ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲಕ್ಕೂ ಕೆಳಕ್ಕೂ ಜಗ್ಗಿ. ಪಕ್ಕಕ್ಕೆ ಅಲ್ಪ ಆಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಟಕ್ ಎಂದರೆ ಕೆಳಗಿನ ಬೇರಿಂಗ್ ಮುಗಿದಿದೆ. ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ ಹೊಸ ರಾಡ್ ಕೂರಿಸಿ ನೇರ ಮಾಡುವುದು ಅನುಭವಿಯ ಕೆಲಸ, ಅದನ್ನು ಅವರಿಗೇ ಕೊಡಿ. ಕೇಸ್ ಬಿಡಿಸುವುದು ಮಾತ್ರ ನಿಮ್ಮ ಕೈಯಲ್ಲಿ ಆಗುತ್ತದೆ. ಡೈನಮೋದ ರೋಟರಿಗೂ ಕ್ರ್ಯಾಂಕಿನ ಚೈನ್ ಚಕ್ರಕ್ಕೂ ಪುಲ್ಲರ್ ಹಾಕಿ. ಕ್ರ್ಯಾಂಕಿನ ತುದಿಗೆ ಸುತ್ತಿಗೆ ತಾಗಿಸಲೇಬೇಡಿ. ಕೇಸಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುವವರನ್ನು ನೋಡಿದ್ದೇನೆ, ನನಗೆ ಸಂಕಟವಾಗುತ್ತದೆ. ಅಲ್ಯೂಮಿನಿಯಂ ಮೃದು. ಆ ಒಂದು ಗೀರು ಎಂಜಿನ್ ಇರುವಷ್ಟು ದಿನ ಗಾಳಿ ಬಿಡುವ ಬಾಗಿಲಾಗುತ್ತದೆ. ಕೇಸನ್ನು ಬಿಸಿ ಮಾಡಿ, ಮರದ ತುಂಡಿಟ್ಟು ತಟ್ಟಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ ಬೇರಿಂಗ್ ತಾನಾಗಿ ಸಡಿಲವಾಗುತ್ತದೆ. ಹೊಸ ಬೇರಿಂಗ್ ಕೂರಿಸಲೂ ಇದೇ ಉಪಾಯ.

ಬೇರಿಂಗ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋಗುವಾಗ ಹಳೆಯದನ್ನೂ ಒಯ್ಯಿರಿ, ಅದರ ಮೈಮೇಲಿನ ಸಂಖ್ಯೆ ಓದಲು ಕಲಿಯಿರಿ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿ, ಒಳತೂತಿನ ಅಳತೆ ಮಿ.ಮೀ.ನಲ್ಲಿ ಸಿಗುತ್ತದೆ. ಕೊನೆಗೆ 05 ಎಂದಿದ್ದರೆ 25 ಮಿ.ಮೀ. ಸೀಲುಗಳನ್ನು ಕೇಳಿದಷ್ಟು ಕೊಟ್ಟು ತನ್ನಿ. ಕೂರಿಸುವ ಮೊದಲು ತುಟಿಗೆ ಗ್ರೀಸ್ ಹಚ್ಚಿ, ಹಳೆಯದು ಯಾವ ಮುಖವಾಗಿ ಕೂತಿತ್ತೋ ಹಾಗೇ, ಓರೆಯಾಗದಂತೆ ಒತ್ತಿ. ಕೇಸಿನ ಹೋಳುಗಳನ್ನು ಜೋಡಿಸುವಾಗ ಹಳೇ ಪ್ಯಾಕಿಂಗಿನ ಒಂದು ಚೂರೂ ಉಳಿದಿರಬಾರದು.

ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಕಡೆಗಿರಲಿ. ರಿಂಗ್ ಕೂರುವ ತೋಡಿನಲ್ಲಿ ಒಂದು ಪುಟ್ಟ ಮೊಳೆಯಿದೆ, ರಿಂಗಿನ ಬಾಯಿ ಸರಿಯಾಗಿ ಅದರ ಮೇಲೇ ಕೂರಬೇಕು. ರಿಂಗ್ ತಿರುಗಿ ಅದರ ತುದಿ ಪೋರ್ಟಿಗೆ ಸಿಕ್ಕಿಕೊಳ್ಳದಂತೆ ಕಾಯುವುದು ಆ ಮೊಳೆಯೇ. ಪಿಸ್ಟನ್ ಪಿನ್ನಿಗೆ ಹೊಸ ಲಾಕುಗಳನ್ನೇ ಹಾಕಿ.

ಈಗ ನನಗೆ ಅತ್ಯಂತ ಪ್ರಿಯವಾದ ಪರೀಕ್ಷೆ. ಹಳೇ ಬಿಪಿ ಯಂತ್ರ ಒಂದನ್ನು, ಗಡಿಯಾರದಂಥ ಮುಖವಿರುವುದನ್ನು, ಹುಡುಕಿ. ತೋಳಿಗೆ ಸುತ್ತುವ ಪಟ್ಟಿ ಬೇಡ, ಬಲ್ಬ್, ಕೊಳವೆ, ಮಾಪಕ ಸಾಕು. ಕೆಟ್ಟ ಪ್ಲಗ್ಗೊಂದರ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಸಣ್ಣ ಹಿತ್ತಾಳೆ ನಳಿಗೆಯನ್ನು ಎಂ ಸೀಲ್ ಹಾಕಿ ಕೂರಿಸಿ ಕೊಳವೆಗೆ ಜೋಡಿಸಿ. ಡೈನಮೋ ಮತ್ತು ಎಡಗಡೆಯ ಕವರ್ ಇನ್ನೂ ಹಾಕಿರಬೇಡಿ, ಎರಡೂ ಸೀಲುಗಳು ಕಣ್ಣಿಗೆ ಕಾಣಬೇಕು. ಎರಡು ಸೈಲೆನ್ಸರ್ ಬಾಯಿಗಳನ್ನು ಸೈಕಲ್ ಟ್ಯೂಬಿನ ಬಿಲ್ಲೆ, ಅದರ ಮೇಲೊಂದು ತಗಡಿನ ಬಿಲ್ಲೆ ಇಟ್ಟು ಅವುಗಳದೇ ನಟ್ಟಿನಿಂದ ಬಿಗಿಯಿರಿ. ಕಾರ್ಬ್ಯುರೇಟರ್ ಬಾಯಿಯನ್ನೂ ಹಾಗೇ ಮುಚ್ಚಿ. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಆಗ ಮೇಲಿನ ಜಾಗವೂ ಕೆಳಗಿನ ಕೋಣೆಯೂ ಒಂದಾಗುತ್ತವೆ. ಮುಳ್ಳು 300ಕ್ಕೆ ಬರುವವರೆಗೆ ಬಲ್ಬ್ ಒತ್ತಿ, ಅದಕ್ಕಿಂತ ಹೆಚ್ಚು ಬೇಡ.

ಒಂದು ನಿಮಿಷ ನೋಡುತ್ತಾ ಕೂತಿರಿ. ಮುಳ್ಳು 50ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರನ್ನು ಬ್ರಷ್ಷಿನಲ್ಲಿ ಕೇಸಿನ ಜೋಡಣೆಗೆ, ಬೋರಿನ ಬುಡಕ್ಕೆ, ಹೆಡ್ಡಿಗೆ, ಎರಡೂ ಸೀಲುಗಳ ಸುತ್ತ ಹಚ್ಚಿ. ಗುಳ್ಳೆ ಎದ್ದಲ್ಲಿ ದೋಷ. ನೀವು ಮುಚ್ಚಿದ ಬಿಲ್ಲೆಗಳೇ ಸೋರುತ್ತಿರಬಹುದು, ಅವನ್ನೂ ನೋಡಿ. ಒಂದು ಸಂಜೆ ಪೂರ್ತಿ ಹೋದರೂ ಸರಿ, ಮುಳ್ಳು ನಿಲ್ಲುವವರೆಗೆ ಮುಂದೆ ಹೋಗಬೇಡಿ.

ಮುಳ್ಳು ನಿಂತಿತೆಂದರೆ ಉಳಿದದ್ದು ಬೇಗ ಮುಗಿಯುತ್ತದೆ. ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಇಡಿ, ಹೊಸ ಕಂಡೆನ್ಸರ್ ಹಾಕಿ, ಕಾರ್ಬ್ಯುರೇಟರಿನ ಜೆಟ್‌ಗಳನ್ನು ತಂತಿ ಹಾಕದೆ ಗಾಳಿ ಊದಿ ತೊಳೆಯಿರಿ. ಗೇರ್ ಆಯಿಲ್ ಹುಯ್ದು ಮಟ್ಟ ಗುರುತಿಟ್ಟುಕೊಳ್ಳಿ. ಮೊದಲ ದಿನಗಳಲ್ಲಿ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್. ಮೊದಲ ಹೊಗೆ ಹೆಚ್ಚೇ ಬರುತ್ತದೆ, ಜೋಡಿಸುವಾಗ ಹಚ್ಚಿದ ಆಯಿಲ್ ಸುಡಬೇಕಲ್ಲ. ಐದು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ಮೊದಲ 500 ಕಿ.ಮೀ. ಹಿಂದೆ ಯಾರನ್ನೂ ಕೂರಿಸಬೇಡಿ, ಏರಿನಲ್ಲಿ ಹಿಂಸಿಸಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ.

ಆಮೇಲೆ ಪ್ಲಗ್ ಬಿಚ್ಚಿ ನೋಡಿ, ಹುರಿದ ಕಾಫಿಬೀಜದ ಬಣ್ಣವಿರಬೇಕು. ಗೇರ್ ಆಯಿಲ್ ನೋಡಿ. ನೀವು ಗುರುತಿಟ್ಟ ಮಟ್ಟದಲ್ಲೇ ಇದ್ದರೆ ಎಡಗಡೆಯ ಸೀಲ್ ಹಿಡಿದಿದೆ, ಇನ್ನು ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಬಹುದು.